ಭಾವನ ಏಳು ಗೆಲುವು, ಒಂದು ಫೋನು

ನಮ್ಮ ಭಾವ ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡಿ, ನಕ್ಕು ಮುಂದೆ ಹೋಗಿ. ದಯವಿಟ್ಟು ಪ್ರಶ್ನೆ ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ಹೋದ ಹಾಗೆಯೇ! ಒಮ್ಮೆ ತಲಕಾಡಿಗೆ ಹೊರಟಿದ್ದ ಯಾತ್ರಿಕರೊಬ್ಬರು ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಅವಸರವಸರವಾಗಿ ಬಂದು, "ಶೌಚಾಲಯ ಎಲ್ಲಿದೆ ಸ್ವಾಮಿ?" ಎಂದು ಇವರನ್ನೇ ಕೇಳಬೇಕೆ? ಭಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಂಟಲು ಸರಿಮಾಡಿಕೊಂಡರು. "ಪೂರ್ವಕ್ಕೆ ಹಣ್ಣಿನ ಅಂಗಡಿ, ಪಶ್ಚಿಮಕ್ಕೆ ಸೈಕಲ್ ಸ್ಟ್ಯಾಂಡು, ಉತ್ತರಕ್ಕೆ ಸಾರ್ವಜನಿಕ ರಸ್ತೆ, ದಕ್ಷಿಣಕ್ಕೆ ಕಾಂಪೌಂಡು ಗೋಡೆ, ಈ ಮಧ್ಯೆ ಇರುವ ಕಟ್ಟಡ." ಆ ಪುಣ್ಯಾತ್ಮರು ದಕ್ಷಿಣ ಬರುವ ಮೊದಲೇ ಓಡಿದ್ದರಂತೆ. ಓಡಿದ್ದು ಸರಿಯಾದ ದಿಕ್ಕಿಗೋ ಅಲ್ಲವೋ ಎಂಬುದು ಭಾವನಿಗೆ ಈಗಲೂ ಒಂದು ಚಿಂತೆ.

ಇದರಲ್ಲಿ ಅವರ ತಪ್ಪಿಲ್ಲ, ಕಸುಬಿನ ತಪ್ಪು. ಭಾವ ಪತ್ರ ಬರೆಯುವವರು. ಪ್ರೇಮಪತ್ರ ಎಂದುಕೊಂಡೀರಿ, ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ನಂಜನಗೂಡಿನಲ್ಲಿ ಒಂದು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಊರವರ ಗದ್ದೆ, ತೋಟ, ಮನೆ, ನಿವೇಶನಗಳನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ದಾಟಿಸಿದವರು. ಒಂದು ಜಮೀನಿನ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಪತ್ರದಲ್ಲಿ ಬರೆಯುತ್ತಾರಲ್ಲ, ಅದಕ್ಕೆ ಚೆಕ್ಕುಬಂದಿ ಎನ್ನುತ್ತಾರೆ. ಅದು ತಪ್ಪಿದರೆ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಾರೆ. ಹಾಗಾಗಿ ಚೆಕ್ಕುಬಂದಿ ಹೇಳದೆ ಭಾವ ಯಾವ ವಸ್ತುವನ್ನೂ ನಂಬುವುದಿಲ್ಲ. ಊಟಕ್ಕೆ ಕೂತಾಗ ಎಲೆಯ ಮೇಲಿನ ಪಲ್ಯ ಎಲ್ಲಿ ಎಂದರೂ ಉಪ್ಪಿನಕಾಯಿಯ ಪಶ್ಚಿಮಕ್ಕೆ ಎನ್ನುತ್ತಾರೆ.

ಪತ್ರ ಬರೆದಾದ ಮೇಲೆ ಸಾಕ್ಷಿಗಳು ಬರಬೇಕು. ಸಾಕ್ಷಿಗಳು ಎಂದಾದರೂ ಹೊತ್ತಿಗೆ ಸರಿಯಾಗಿ ಬಂದದ್ದುಂಟೆ? ಆ ಕಾಯುವ ಹೊತ್ತಿನಲ್ಲಿ ಭಾವ ಓದುತ್ತಿದ್ದರು. ಹಳೇ ಪೇಪರ್ ಅಂಗಡಿಯಿಂದ ತೂಕಕ್ಕೆ ತಂದ ಪಠ್ಯಪುಸ್ತಕಗಳು, ರಟ್ಟು ಕಿತ್ತ ವಿಶ್ವಕೋಶದ ಬಿಡಿ ಸಂಪುಟಗಳು, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಭೂಪಟದ ಪುಸ್ತಕ. ದೇಶಗಳೆಂದರೆ ಅವರಿಗೆ ಸ್ವಲ್ಪ ದೊಡ್ಡ ಅಳತೆಯ ಜಮೀನು, ಅಷ್ಟೇ. "ಶ್ರೀಲಂಕಾ ನೋಡಿ ಮೇಷ್ಟ್ರೇ, ನಾಲ್ಕು ದಿಕ್ಕಿಗೂ ಸಮುದ್ರ. ತಕರಾರಿಲ್ಲದ ಸ್ವತ್ತು" ಎಂದು ನನಗೆ ತೋರಿಸುತ್ತಿದ್ದರು. ಮೇಷ್ಟ್ರು ಎಂದರೆ ನಾನು. ಹೆಮ್ಮಿಗೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ, ತಿ. ನರಸೀಪುರದಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಇದ್ದೇನೆ. ನನ್ನ ಅಕ್ಕನ ಗಂಡನೇ ಈ ಭಾವ.

ಅವರು ಅಕ್ಕನನ್ನು ನೋಡಲು ಬಂದ ದಿನವೇ ನಮಗೆ ಅನುಮಾನ ಬರಬೇಕಿತ್ತು. ನಡುಮನೆಯ ಜಮಖಾನದ ಮೇಲೆ ಕೂತವರನ್ನು ಅಪ್ಪ ಮಾತಿಗೆಂದು, "ನಿಮ್ ಮನೆ ಎಲ್ಲಿ ಬತ್ತದಪ್ಪ?" ಎಂದು ಕೇಳಿಬಿಟ್ಟರು. ಉಪ್ಪಿಟ್ಟು ಆರಿತು. ಕಾಫಿ ಆರಿತು. ಗಂಡಿನ ಕಡೆಯ ಹಿರಿಯರೊಬ್ಬರು ಕೂತಲ್ಲೇ ಒಂದು ನಿದ್ದೆ ತೆಗೆದರು. ಭಾವ ಇನ್ನೂ ಪಶ್ಚಿಮದ ಗೋಡೆಯಲ್ಲಿ ಪಾಲು ಯಾರದು ಎಂಬಲ್ಲಿದ್ದರು. ಕೊನೆಗೆ ಅಪ್ಪ ಪದ್ಧತಿಯಂತೆ, "ಹುಡುಗೀನ ಏನಾದ್ರೂ ಕೇಳಾದಿದ್ರೆ ಕೇಳಪ್ಪ" ಎಂದರು. ಅಷ್ಟು ಹೊತ್ತು ಮಾತಾಡಿದ ಮನುಷ್ಯ ಅಕ್ಕನನ್ನು ನೋಡಿದರು, ನೆಲ ನೋಡಿದರು, "ಏನೂ ಇಲ್ಲ" ಎಂದರು.

ನಾವೆಲ್ಲ ಮರೆತೆವು, ಅಕ್ಕ ಮರೆಯಲಿಲ್ಲ. "ಬೇರೆ ಗಂಡುಗಳು ಹಾಡಕ್ ಬತ್ತದಾ, ಹೊಲಿಯಕ್ ಬತ್ತದಾ ಅಂತ ಏನೋ ಒಂದು ಕೇಳ್ತಾರೆ. ಇವ್ರು ನನ್ನ ಅವತ್ತೂ ಏನೂ ಕೇಳ್ಲಿಲ್ಲ, ಇವತ್ತೂ ಕೇಳಲ್ಲ" ಎಂದು ಈಗಲೂ ಹೇಳುತ್ತಾಳೆ. ಅದು ನಿಜವೂ ಹೌದು. ಭಾವ ಕೆಟ್ಟವರಲ್ಲ, ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಆದರೆ ಎಲ್ಲದಕ್ಕೂ ತಮ್ಮ ಬಳಿಯೇ ಉತ್ತರ ಇರುವ ಮನುಷ್ಯ ಇನ್ನೊಬ್ಬರನ್ನು ಕೇಳುವುದಾದರೂ ಏನನ್ನು? ಮನೆಗೆ ಬಣ್ಣ ಹೊಡೆಸಿದರೆ ಬಣ್ಣ ಅವರದೇ, ಸೀರೆ ತಂದರೆ ಸೆರಗು ಅವರದೇ. ಅಕ್ಕ ಉಟ್ಟುಕೊಂಡಳು, ಇದ್ದುಕೊಂಡಳು.

ಹೀಗಿರುವಾಗ ಟಿವಿಯಲ್ಲಿ ಭಾನುವಾರ ಬರುವ ಆ ಕ್ವಿಜ್ ಕಾರ್ಯಕ್ರಮದವರು ಮೈಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಆಯ್ಕೆ ನಡೆಸಿದರು. ಹೋದದ್ದು ನಾನು. ಭಾವ ಬಂದದ್ದು ನನಗೆ ಜೊತೆಗೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ನಂಜನಗೂಡಿನವರು ಇದನ್ನು ಉಲ್ಟಾ ಹೇಳುತ್ತಾರೆ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕರ್ನಾಟಕದ ರಾಜ್ಯಪಕ್ಷಿ ಯಾವುದು? ಹತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ಬಾಯಿ "ನವಿಲು" ಎಂದಿತು. ನೀಲಕಂಠ ಎಂದು ನೆನಪಾಗುವ ಹೊತ್ತಿಗೆ ನಾನು ಚಪ್ಪಲಿ ಬಿಟ್ಟ ಜಾಗದಲ್ಲಿದ್ದೆ.

ಭಾವ ಸುಮ್ಮನೆ ಕೂರಲಾರದೆ ಒಂದು ಅರ್ಜಿ ತುಂಬಿದ್ದರು. ವಿಳಾಸ ಎಂದಿದ್ದ ಕಡೆ ನಾಲ್ಕು ದಿಕ್ಕು ಹಿಡಿಸದೆ ಹಿಂಬದಿಗೂ ಬರೆದು, ಸಾಲದೆ ಇನ್ನೊಂದು ಹಾಳೆ ಅಂಟಿಸಿ, ಕೊನೆಯಲ್ಲಿ, "ಮೇಲ್ಕಂಡ ಸಂಗತಿಗಳನ್ನು ಯಾರ ಒತ್ತಾಯವೂ ಇಲ್ಲದೆ ಸ್ವಬುದ್ಧಿಯಿಂದ ಬರೆದಿರುತ್ತೇನೆ" ಎಂದು ರುಜು ಹಾಕಿದ್ದರು. ಅದನ್ನು ಓದಿದ ಹುಡುಗಿ ನಕ್ಕು ನಕ್ಕು ಇನ್ನೊಬ್ಬಳನ್ನು ಕರೆದಳು, ಅವಳು ಮತ್ತೊಬ್ಬರನ್ನು ಕರೆದಳು. ಜ್ಞಾನಕ್ಕೆ ಆಯ್ಕೆಯಾದರೋ ಅರ್ಜಿಗೆ ಆಯ್ಕೆಯಾದರೋ ಎಂದು ನಾನು ಈಗಲೂ ಕೇಳುತ್ತೇನೆ. ಹೊಟ್ಟೆಕಿಚ್ಚು ಎನ್ನುತ್ತೀರಾ? ಎನ್ನಿ.

ಆಟದ ನಿಯಮ ಸರಳ. ಹೋದ ವಾರ ಗೆದ್ದವರು ಈ ವಾರವೂ ಬರುತ್ತಾರೆ, ಎದುರಿಗೆ ಇಬ್ಬರು ಹೊಸಬರು. ಸೋಲುವವರೆಗೆ ಬರುತ್ತಲೇ ಇರಬಹುದು. ಸತತ ಹತ್ತು ವಾರ ಗೆದ್ದವರಿಗೆ ಒಂದು ಸ್ಕೂಟರ್. ಕೊನೆಯ ಸುತ್ತಿನಲ್ಲಿ ಉತ್ತರ ತಿಳಿಯದಿದ್ದರೆ ಮನೆಗೆ ಒಂದು ಫೋನ್ ಮಾಡಿ ಕೇಳಬಹುದು, ಮೂವತ್ತು ಸೆಕೆಂಡು. ಗುರುವಾರ ಬೆಂಗಳೂರಿನಲ್ಲಿ ಚಿತ್ರೀಕರಣ, ಭಾನುವಾರ ಪ್ರಸಾರ.

ಮೊದಲನೇ ವಾರ ಬೆಂಗಳೂರಿಗೆ ನಾನೂ ಹೋಗಿದ್ದೆ. ಮೇಕಪ್ಪಿನವನು ಭಾವನ ಹಣೆಯ ವಿಭೂತಿಯ ಮೇಲೆ ಪೌಡರು ಬಳಿದ, ಭಾವ ಪೌಡರಿನ ಮೇಲೆ ಮತ್ತೆ ವಿಭೂತಿ ಇಟ್ಟುಕೊಂಡರು, ಅವನು ಮತ್ತೆ ಬಳಿದ. ಮೂರು ಸುತ್ತಾದ ಮೇಲೆ ಅವನೇ ಸೋತ. ಅದು ನಿಜವಾಗಿ ಭಾವನ ಮೊದಲ ಗೆಲುವು.

ಆಮೇಲೆ ಬಝರು. ಎಲ್ಲರೂ ಅದನ್ನು ಅಂಗೈಯಿಂದ ಬಡಿಯುತ್ತಾರೆ. ನಮ್ಮ ಭಾವ ಎಡಗೈ ಹೆಬ್ಬೆಟ್ಟನ್ನು ಅದರ ಮೇಲಿಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳಿಸಿದರು. ಸಾವಿರಾರು ಜನರ ಹೆಬ್ಬೆಟ್ಟು ಹಿಡಿದು ಒತ್ತಿಸಿದ ಕೈ, ಅದಕ್ಕೆ ಬೇರೆ ರೀತಿ ಬರುವುದಿಲ್ಲ. ಒತ್ತಿಯಾದ ಮೇಲೆ ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಂಡರು, ಇಂಕು ಇಲ್ಲದಿದ್ದರೂ.

ನಿರೂಪಕಿ ಕೇಳಿದಳು, "ಮಂಗೋಲಿಯಾ ದೇಶದ ರಾಜಧಾನಿ ಯಾವುದು ಸರ್?"

"ಮಂಗೋಲಿಯಾ. ಉತ್ತರಕ್ಕೆ ರಷ್ಯಾ. ಮಿಕ್ಕ ಮೂರು ದಿಕ್ಕಿಗೂ ಚೀನಾ. ಮೂರು ಕಡೆ ಒಬ್ಬನೇ ಇರೋ ಜಮೀನು ತಗೋಬಾರದು ಮೇಡಂ, ದಾರಿ ಬಿಡಲ್ಲ."

"ಸರ್, ಟೈಮು..."

"ಉಲಾನ್‌ಬಾತರ್" ಎಂದರು ಭಾವ, ಗಂಟೆ ಹೊಡೆಯುವ ಒಂದು ಕ್ಷಣ ಮೊದಲು.

ಪ್ರತಿ ಪ್ರಶ್ನೆಗೂ ಹೀಗೇ. ಉತ್ತರ ಗೊತ್ತಿರುತ್ತದೆ, ಆದರೆ ಚೆಕ್ಕುಬಂದಿ ಮುಗಿಯುವವರೆಗೆ ಹೊರಗೆ ಬರುವುದಿಲ್ಲ. ನೋಡುವವರ ಜೀವ ಬಾಯಿಗೆ ಬರುತ್ತಿತ್ತು. ಟಿವಿಯವರಿಗೆ ಇದಕ್ಕಿಂತ ಇನ್ನೇನು ಬೇಕು? ಎರಡನೇ ವಾರದ ಹೊತ್ತಿಗೆ ನಿರೂಪಕಿ ತಾನೇ, "ಉತ್ತರಕ್ಕೆ ಏನಿದೆ ಸರ್?" ಎಂದು ಕೇಳಲು ಶುರುಮಾಡಿದಳು. ಮೂರನೇ ವಾರ ಗೆದ್ದರು. ನಾಲ್ಕು ಗೆದ್ದರು. ನಂಜನಗೂಡಿನಲ್ಲಿ ಹೊಂಗೆಮರದ ಕೆಳಗೆ ಜನ ಸೇರತೊಡಗಿದರು. ಕಳಲೆಯಿಂದ ಬಂದ ರೈತರೊಬ್ಬರು ಮಾರುವುದಕ್ಕೂ ಕೊಳ್ಳುವುದಕ್ಕೂ ಏನೂ ಇಲ್ಲದೆ ಬಂದು ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಏನ್ ಪತ್ರ ಆಗ್ಬೇಕು?" ಎಂದರು ಭಾವ.

"ಪತ್ರ ಗಿತ್ರ ಏನೂ ಇಲ್ಲ ಸಾ. ಒಂದ್ ಕಿತ ನನ್ ಗದ್ದೆ ಚೆಕ್ಕುಬಂದಿ ಏಳಿ, ನಿಮ್ ಬಾಯಲ್ಲಿ ಕೇಳ್ಕಂಡ್ ಓಯ್ತೀನಿ."

ಭಾವ ಹೇಳಿದರು. ಆತ ಕಣ್ಣು ಮುಚ್ಚಿ ಕೇಳಿಸಿಕೊಂಡು, ಒಂದು ಗೊನೆ ರಸಬಾಳೆ ಇಟ್ಟು ಹೋದರು. ನನ್ನ ಶಾಲೆಯಲ್ಲೂ ಅದೇ ಕತೆ. ಏಷ್ಯಾ ಖಂಡದ ಪಾಠ ಮಾಡಲು ಭೂಪಟ ಬಿಚ್ಚಿದರೆ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ, "ಸಾ, ನಿಮ್ ಭಾವ ಆಗಿದ್ರೆ ಇನ್ನೂ ಚೆನ್ನಾಗ್ ಏಳ್ತಿದ್ರು."

ಇಷ್ಟೆಲ್ಲ ನಗುವಿನ ನಡುವೆ ಒಬ್ಬಳು ಮಾತ್ರ ನಗುತ್ತಿರಲಿಲ್ಲ. ನನ್ನ ಅಕ್ಕ.

ಮನೆಗೆ ಒಂದು ಫೋನ್ ಮಾಡಬಹುದು ಎಂದೆನಲ್ಲ, ಆ ಫೋನು ಬರುವುದು ಅಕ್ಕನಿಗೆ. ಮೊದಲನೇ ಗುರುವಾರ ಅವಳು ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಫೋನನ್ನು ಚಾರ್ಜಿಗೆ ಹಾಕಿ, ಅದರ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಫೋನಿನಲ್ಲಿ ಸೀರೆ ಕಾಣುವುದಿಲ್ಲ ಎಂದು ಆಮೇಲೆ ನಾನು ಹೇಳಿದರೆ, "ಮಾತಲ್ಲಿ ಗೊತ್ತಾಯ್ತದೆ" ಎಂದಳು. ಫೋನ್ ಬರಲಿಲ್ಲ. ಎರಡನೇ ವಾರ ನನ್ನಿಂದ ಎಂಟು, ಒಂಬತ್ತು, ಹತ್ತನೇ ತರಗತಿಯ ಪುಸ್ತಕ ತರಿಸಿಕೊಂಡಳು. ಅವರೆಕಾಯಿ ಸುಲಿಯುತ್ತಾ ಮೊಘಲರನ್ನು ಓದಿದಳು, ಹಿಟ್ಟಿನ ಎಸರು ಕಾಯಿಸುತ್ತಾ ದ್ಯುತಿಸಂಶ್ಲೇಷಣೆ ಓದಿದಳು. ಒಂದು ದಿನ ನನಗೇ ಫೋನ್ ಮಾಡಿ, "ಲೋ, ಅಕ್ಬರನ ಮಗನಾದ್ಮೇಲೆ ಯಾರೋ? ಸಾರು ಉಕ್ಕಿ ಪುಸ್ತಕದ ಮೇಲೆ ಬಿದ್ಬುಡ್ತು" ಎಂದಳು. ಹತ್ತನೇ ತರಗತಿ ಮುಗಿಸಲಾಗದೆ ಮದುವೆಯಾದವಳು, ಐವತ್ತರ ಹತ್ತಿರದಲ್ಲಿ ಪರೀಕ್ಷೆಗೆ ಕೂತಿದ್ದಳು.

ಫೋನ್ ಬರಲಿಲ್ಲ. ಪ್ರತಿ ವಾರ ಕೊನೆಯ ಸುತ್ತಿನಲ್ಲಿ ನಿರೂಪಕಿ ಕೇಳುತ್ತಾಳೆ, "ಸರ್, ಮನೆಗೆ ಒಂದು ಫೋನ್ ಮಾಡೋಣ್ವಾ?" ಭಾವ ಹೇಳುತ್ತಾರೆ, "ಬೇಡ ಮೇಡಂ." ಇಡೀ ಕರ್ನಾಟಕ ಆ "ಬೇಡ" ಕೇಳುತ್ತದೆ. ಸೋಮವಾರ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಅಕ್ಕನ ಮುಖ ನೋಡಿ, "ಯಾಕಕ್ಕ, ನಿಮ್ ಯಜಮಾನ್ರು ನಿಮ್ಗೆ ಫೋನೇ ಮಾಡಲ್ವಲ್ಲ?" ಎನ್ನುತ್ತಾಳೆ. ಅಕ್ಕ, "ಅವ್ರಿಗೆ ಎಲ್ಲಾ ಗೊತ್ತಿದೆ ಕಣಮ್ಮ, ನನ್ನ ಯಾಕ್ ಕೇಳ್ತಾರೆ" ಎಂದು ಬಿಂದಿಗೆ ಎತ್ತಿಕೊಂಡು ಬರುತ್ತಾಳೆ. ಆ ಮಾತನ್ನು ಅವಳು ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಮೊದಮೊದಲು.

ಏಳನೇ ವಾರ ಹಿಂಗಿನ ಪ್ರಶ್ನೆ ಬಂತು. ಅಡಿಗೆಗೆ ಹಾಕುವ ಹಿಂಗು ಗಿಡದ ಯಾವ ಭಾಗದಿಂದ ಬರುತ್ತದೆ? ಎಲೆ, ಬೀಜ, ತೊಗಟೆ, ಬೇರು. ಅಡಿಗೆಮನೆಯ ಪ್ರಶ್ನೆ! ಭಾವನಿಗೆ ಗೊತ್ತಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಹಿಂಗಿಗೆ ಚೆಕ್ಕುಬಂದಿ ಎಲ್ಲಿಂದ ತರುತ್ತಾರೆ? ನಿರೂಪಕಿ, "ಈಗಲಾದರೂ ಮೇಡಂಗೆ ಫೋನ್ ಮಾಡಿ ಸರ್, ಹಿಂಗು ಅವರ ಇಲಾಖೆ" ಎಂದಳು. ಭಾವ ಬೆವರು ಒರೆಸಿಕೊಂಡರು. ಫೋನಿನ ಕಡೆ ನೋಡಿದರು. "ಬೇಡ ಮೇಡಂ. ಬೇರು ಅಂತ ಬರ್ಕೊಳಿ" ಎಂದರು. ಕುರುಡು ಲೆಕ್ಕ. ಸರಿಯಾಗಿಬಿಟ್ಟಿತು.

ಆ ಭಾನುವಾರ ಪ್ರಸಾರ ಮುಗಿದ ಮೇಲೆ ಅಕ್ಕ ಟಿವಿ ಆರಿಸಿದಳು. "ಸೋಲಕ್ ಬೇಕಾದ್ರೆ ರೆಡಿ ಇವ್ರು. ನನ್ನ ಕೇಳಕ್ ಮಾತ್ರ ಇಲ್ಲ" ಎಂದಳು. ಸೋಮವಾರ ಮಧ್ಯಾಹ್ನದ ಬಸ್ಸಿಗೆ ತಿ. ನರಸೀಪುರಕ್ಕೆ, ನಮ್ಮ ಮನೆಗೆ ಬಂದಳು. ಕಾರಣ ಕೇಳಿದ ನನ್ನ ಹೆಂಡತಿಗೆ, "ಅಲ್ಲಿ ನಲ್ಲಿ ನೀರು ಸರಿಯಾಗ್ ಬತ್ತಿಲ್ಲ" ಎಂದಳು. ಕಪಿಲೆಯ ದಡದ ನಂಜನಗೂಡಿನಲ್ಲಿ ನೀರಿಲ್ಲವಂತೆ!

"ಅಕ್ಕ, ಹಿಂಗು ಯಾವುದರಿಂದ ಬರುತ್ತೆ ಅಂತ ನಿನಗೆ ಗೊತ್ತಿತ್ತಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ತೊಗಟೆ ಅಂತ ಹೇಳ್ತಿದ್ದೆ."

"ತೊಗಟೆ ತಪ್ಪಲ್ವಾ?"

"ತಪ್ಪಾದ್ರೆ ಆಗ್ಲಿ. ಕೇಳ್ಬೇಕಾಗಿತ್ತು" ಎಂದಳು. ಕಣ್ಣು ಒರೆಸಿಕೊಂಡಳು. ನನಗೆ ಭಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮಂಗಳವಾರ ಶಾಲೆ ಮುಗಿಸಿ ನೇರ ನಂಜನಗೂಡಿಗೆ ಹೋದೆ. ಹೊಂಗೆಮರದ ಕೆಳಗೆ ನಿಂತುಕೊಂಡೇ ಹೇಳಿದೆ, "ಭಾವ, ಏಳು ವಾರ ಅವಳು ಸೀರೆ ಉಟ್ಕೊಂಡು ಕೂತಿದ್ಲು. ಒಂದು ಫೋನ್ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಅವಳಿಗೆ ಏನೂ ಗೊತ್ತಿಲ್ಲ ಅಂತ ತಾನೇ?" ಯಾವ ಪ್ರಶ್ನೆಗೂ ನಾಲ್ಕು ದಿಕ್ಕಿನಿಂದ ಉತ್ತರ ಕೊಡುವ ಮನುಷ್ಯ ಅವತ್ತು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಕಾಫಿ ತರಿಸ್ಲಾ?" ಎಂದರು. ನಾನು ಕುಡಿಯದೆ ಬಂದೆ.

ಎಂಟನೇ ಗುರುವಾರ. ಅಕ್ಕ ರೇಷ್ಮೆ ಸೀರೆ ಉಡಲಿಲ್ಲ. ನಮ್ಮ ಅಡಿಗೆಮನೆಯಲ್ಲಿ ಹಳೇ ಕಾಟನ್ ಸೀರೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಇದ್ದೆ, ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಮೂರು ಗಂಟೆಯ ಸುಮಾರಿಗೆ ಅವಳ ಫೋನು ಹೊಡೆದುಕೊಂಡಿತು. ಅಕ್ಕ ಅಕ್ಕಿಯ ಕೈಯಲ್ಲೇ ಎತ್ತಿದಳು. ಸ್ಪೀಕರ್ ಎಲ್ಲಿ ಒತ್ತಿತೋ ಏನೋ, ಅಡಿಗೆಮನೆ ತುಂಬಾ ನಿರೂಪಕಿಯ ದನಿ: "ಮೇಡಂ, ನಮಸ್ಕಾರ! ನಿಮ್ಮ ಯಜಮಾನರು ಕೊನೆಗೂ ಫೋನ್ ಮಾಡ್ತಿದ್ದಾರೆ. ಮೂವತ್ತು ಸೆಕೆಂಡು, ಶುರು."

ಆಮೇಲೆ ಭಾವನ ದನಿ. "ಅಮ್ಮಿ, ನಾನು ಕಣಮ್ಮಿ. ಒಂದು ಕೇಳ್ಬೇಕಾಗಿತ್ತು."

ಅಕ್ಕ ಎದ್ದು ನಿಂತಳು. ಮಡಿಲಲ್ಲಿದ್ದ ಅಕ್ಕಿ ನೆಲಕ್ಕೆ ಹರಡಿತು. "ಕೇಳಿ" ಎಂದಳು.

"ತಿ. ನರಸೀಪುರದ ಸಂಗಮದಲ್ಲಿ ಎಷ್ಟು ನದಿ ಸೇರ್ತವೆ?"

ನಮ್ಮೂರಿನಲ್ಲಿ ಹುಟ್ಟಿದ ಯಾರನ್ನೇ ಕೇಳಿ, ಮೂರು ಎನ್ನುತ್ತಾರೆ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಅದಕ್ಕೇ ತ್ರಿವೇಣಿ. ಆದರೆ ಭೂಪಟದಲ್ಲಿ? ಭೂಪಟದಲ್ಲಿ ಎರಡೇ ನೀಲಿ ಗೆರೆ. ಹೊರಗಿನವರು ಬರೆದ ಪ್ರಶ್ನೆಗೆ ಉತ್ತರವೂ ಎರಡೇ ಇರುತ್ತದೆ ಎಂದು ಮೇಷ್ಟ್ರಾದ ನನಗೆ ಗೊತ್ತಾಗದೆ? ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಆಟದಿಂದಲೇ ತೆಗೆಯುತ್ತಾರೆ. ನಾನು ಅಕ್ಕನ ಮುಂದೆ ನಿಂತು ಎರಡು ಬೆರಳು ಎತ್ತಿದೆ. ಎತ್ತಿ ಅಲ್ಲಾಡಿಸಿದೆ. ಕುಣಿದೆ.

ಅಕ್ಕ ನನ್ನ ಬೆರಳು ನೋಡಿದಳು. "ಎರಡಕ್ಕೆ ಅವಸರ ಆದ್ರೆ ಹಿತ್ಲಿಗೆ ಹೋಗೋ, ಇಲ್ಲ್ಯಾಕ್ ಕುಣೀತಿಯ" ಎಂದಳು, ಫೋನಿಗೇ ಬಾಯಿಟ್ಟು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಎಣಿಸಿ ಇಟ್ಟಂತೆ ಭಾವನಿಗೆ ಹೇಳಿದಳು, "ಮೂರು ಕಣ್ರೀ. ಕಾವೇರಿ, ಕಪಿಲೆ, ಸ್ಫಟಿಕ ಸರೋವರ. ಇದ್ರಲ್ಲಿ ಅನುಮಾನ ಏನಿಲ್ಲ."

"ಸರಿ ಕಣಮ್ಮಿ" ಎಂದರು ಭಾವ. ಗಂಟೆ ಹೊಡೆಯಿತು. ಫೋನ್ ಕಟ್ಟಾಯಿತು.

ಅಕ್ಕ ನೆಲದ ಮೇಲಿನ ಅಕ್ಕಿ ಬಾಚಲು ಕೂತಳು. ಮುಖದಲ್ಲಿ ಬೆಳಕಿತ್ತು. "ಕೇಳಿದ್ರು ನೋಡು" ಎಂದಳು ನನಗೆ. ನಾನು ಹಿತ್ತಲಿಗೆ ಹೋದೆ, ಬೇರೆ ಕಾರಣಕ್ಕೆ. ಅವಳ ಮುಂದೆ ನಿಲ್ಲಲು ಆಗಲಿಲ್ಲ.

ರಾತ್ರಿ ಭಾವ ಬೆಂಗಳೂರಿನಿಂದ ನೇರ ನಮ್ಮ ಮನೆಗೇ ಬಂದರು. ಅಕ್ಕ ಬಾಗಿಲಲ್ಲೇ, "ಏನಾಯ್ತು?" ಎಂದಳು.

"ಮೂರು ಅಂದೆ. ಅವ್ರು ಎರಡು ಅಂದ್ರು."

"ಅಯ್ಯೋ. ನನ್ನಿಂದ ಸೋತ್ರಾ?"

"ನಿನ್ನಿಂದ ಯಾಕಮ್ಮಿ? ಅವ್ರ ಕಾರ್ಡಲ್ಲಿ ಒಂದು ನದಿ ಬಿಟ್ಟೋಗಿದೆ" ಎಂದು ಭಾವ ಚಪ್ಪಲಿ ಬಿಟ್ಟು ಒಳಗೆ ಬಂದು ಕಾಫಿ ಕೇಳಿದರು.

ಭಾನುವಾರ ನಮ್ಮ ಮನೆಯಲ್ಲೇ ಎಲ್ಲರೂ ಕೂತು ನೋಡಿದೆವು. ಟಿವಿಯಲ್ಲಿ ಭಾವ ನಿರೂಪಕಿಗೆ ಬಿಡದೆ ಹೇಳುತ್ತಿದ್ದರು, "ನಮ್ಮ ಮನೆಯವರು ಆ ನೀರಲ್ಲೇ ಆಡಿ ಬೆಳೆದವರು ಮೇಡಂ. ಅವರು ಮೂರು ಅಂದ ಮೇಲೆ ಮೂರು. ನಿಮ್ಮ ಕಾರ್ಡಿಗೆ ಒಂದು ತಿದ್ದುಪಡಿ ಪತ್ರ ಆಗಬೇಕು." ಸೋತವರನ್ನು ಕಳಿಸಿಕೊಡುವಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. "ಎರಡಕ್ಕೆ ಅವಸರ ಆದ್ರೆ" ಎಂಬ ಮಾತನ್ನು ಆ ಪುಣ್ಯಾತ್ಮರು ಕತ್ತರಿಸಿರಲಿಲ್ಲ! ಸೋಮವಾರ ಹೆಮ್ಮಿಗೆಯಲ್ಲಿ ಎರಡನೇ ಪಾಠದ ಎರಡನೇ ಪ್ರಶ್ನೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಇಡೀ ತರಗತಿ ಬೆಂಚಿನ ಕೆಳಗೆ ಹೋಯಿತು. ಇವತ್ತಿಗೂ ನಾನು ಒಂದಾದ ಮೇಲೆ ಮೂರಕ್ಕೆ ಹೋಗುತ್ತೇನೆ.

ಊರಲ್ಲಿ ಮಾತ್ರ ಅಕ್ಕನದೇ ಮಾತು. ತೆಪ್ಪ ಹಾಕುವವರು, ಹೂವಿನವರು, ದೇವಸ್ಥಾನದ ಅರ್ಚಕರು, ಹೋಟೆಲಿನವರು, ಎಲ್ಲರೂ ಒಂದೇ ಪಕ್ಷ. "ಎರಡಂತೆ ಎರಡು. ಬೆಂಗಳೂರಿನವರಿಗೆ ಏನ್ ಗೊತ್ತಕ್ಕ? ನೀವು ಸರಿಯಾಗ್ ಏಳಿದ್ರಿ" ಎಂದು ಮನೆಗೇ ಬಂದು ಹೇಳಿ ಹೋದರು. ಮಹಿಳಾ ಸಂಘದವರು ಮುಂದಿನ ಸಭೆಗೆ ಅವಳನ್ನು ಅತಿಥಿಯಾಗಿ ಕರೆದರು. ಅಕ್ಕ ಒಪ್ಪಿಕೊಂಡಳು, ಯಾವ ಸೀರೆ ಎಂದು ನನ್ನ ಹೆಂಡತಿಯ ಜೊತೆ ಚರ್ಚೆಯೂ ಆಯಿತು.

ಆ ಸೋಮವಾರ ಸಂಜೆ ಅವರಿಬ್ಬರೂ ನಂಜನಗೂಡಿಗೆ ಹೊರಡುವ ಮೊದಲು ಭಾವ, ನಾನು ಸಂಗಮದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಭಾವ, ನಿಜ ಹೇಳಿ. ಕಾರ್ಡಲ್ಲಿ ಎರಡೇ ಇರುತ್ತೆ ಅಂತ ನಿಮಗೆ ಗೊತ್ತಿತ್ತು ತಾನೇ?"

"ಗೊತ್ತಿಲ್ದೆ ಏನು? ಭೂಪಟದಲ್ಲಿ ಎರಡೇ ಅಲ್ವಾ ಇರೋದು."

"ಮತ್ತೆ ಅದಕ್ಕೇ ಯಾಕೆ ಫೋನ್ ಮಾಡಿದ್ರಿ? ಹಿಂಗಿನ ಪ್ರಶ್ನೆಗೆ ಮಾಡದೆ?"

ಭಾವ ನೀರಿನ ಕಡೆಯೇ ನೋಡುತ್ತಾ ಹೇಳಿದರು, "ಹಿಂಗಿಗೆ ಮಾಡಿದ್ರೆ, ಅವಳು ತಪ್ಪು ಹೇಳಿದ್ರೆ? ಜನ ನಗ್ತಿದ್ರು ಕಣಯ್ಯ. ಅಡಿಗೆ ಮಾಡೋಳಿಗೆ ಹಿಂಗು ಗೊತ್ತಿಲ್ಲ ಅಂತಿದ್ರು. ನಾನು ಸೋತ್ರೆ ಏನು, ಮಾರನೇ ದಿನ ಹೋಗಿ ಪತ್ರ ಬರೀತೀನಿ. ಅವಳು ನಲ್ಲಿ ತಾವ ಹೆಂಗೆ ನಿಂತ್ಕತಾಳೆ? ಮೊದಲನೇ ವಾರದಿಂದ ಕಾಯ್ತಾ ಇದ್ದೆ. ಅವಳು ಏನು ಹೇಳಿದ್ರೂ ಯಾರೂ ನಗಬಾರದು, ಅಂಥದ್ದೊಂದು ಪ್ರಶ್ನೆ ಬರ್ಲಿ ಅಂತ. ಅದು ಬರೋ ತನಕ ನಾನು ಅಲ್ಲಿ ಇರ್ಬೇಕಾಗಿತ್ತಲ್ಲ. ಅದಕ್ಕೇ ಗೆದ್ದೆ."

ಸ್ಕೂಟರಿಗೆ ಗೆಲ್ಲುತ್ತಿದ್ದಾರೆ ಎಂದುಕೊಂಡಿದ್ದೆ ನಾನು. ಹೆಸರಿಗೆ, ಜಂಬಕ್ಕೆ ಎಂದುಕೊಂಡಿದ್ದೆ. ಈ ಮನುಷ್ಯನ ಕಾಫಿ ಕುಡಿಯದೆ ಎದ್ದು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಅಕ್ಕ ಬ್ಯಾಗು ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತಳು. ಭಾವ ಎದ್ದು ಪಂಚೆ ಕೊಡವಿಕೊಂಡು ಕೇಳಿದರು, "ನಂಜನಗೂಡಿನ ಬಸ್ಸು ಎಷ್ಟೊತ್ತಿಗಮ್ಮಿ?"

"ಆರೂವರೆಗೆ. ಬೇಗ ಬನ್ನಿ" ಎಂದಳು ಅಕ್ಕ.

ಆ ಬಸ್ಸು ಇರುವುದು ಏಳೂಕಾಲಿಗೆ. ನನಗೆ ಗೊತ್ತು, ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಭಾವ ಅವಳ ಕೈಯಿಂದ ಬ್ಯಾಗು ತೆಗೆದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದರು. ಆರೂವರೆಗೆ ಸರಿಯಾಗಿ ಇಬ್ಬರೂ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು. ಮುಕ್ಕಾಲು ಗಂಟೆ, ಬಸ್ಸು ಬರುವವರೆಗೆ, ಅಕ್ಕ ಹೇಳುತ್ತಿದ್ದಳು, ಭಾವ ಕೇಳುತ್ತಿದ್ದರು.